ಲೋಡಣ್ಣ

ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರೂರಲ್ಲಿ ಯಾವ ಬೀದಿಗೆ ಹೋದರೂ ಒಬ್ಬ ಲೋಡಣ್ಣ ಸಿಗುತ್ತಾರೆ. ಹೆತ್ತವರು ಇಟ್ಟ ಹೆಸರು ಬೇರೆ ಇರುತ್ತದೆ. ಅದು ರೇಷನ್ ಕಾರ್ಡಿನಲ್ಲಿದೆ. ವಯಸ್ಸು ಅರವತ್ತರ ಆಚೆ, ಕೈಗೆ ಪಿಂಚಣಿ, ಜೇಬಿಗೆ ಟೆಸ್ಟರ್. ಹೆಣ್ಣು ನೋಡಲು ಹೋದ ಮನೆಯಲ್ಲೂ ಅವರು ಮೊದಲು ನೋಡುವುದು ಮೆಟ್ಟಿಲ ಕೆಳಗಿನ ಯುಪಿಎಸ್ ಬ್ಯಾಟರಿಯನ್ನು. ನೀರಿನ ಮಟ್ಟ ತೋರಿಸುವ ಕಡ್ಡಿ ಕೆಳಗಿಳಿದಿದ್ದರೆ ಆ ಸಂಬಂಧ ಅಲ್ಲಿಗೇ ಮುಗಿಯಿತು.

ನಮ್ಮ ಬೀದಿಯ ಲೋಡಣ್ಣನ ಮನೆಯಲ್ಲಿ ಎರಡು ಯುಪಿಎಸ್, ಎರಡು ಬ್ಯಾಟರಿ. ಮೊದಲು ಒಂದೇ ಇತ್ತು. ಹಿರಿಮಗನ ಮದುವೆಯಾಗಿ ಮಹಡಿ ಕಟ್ಟಿಸಿದ ಮೇಲೆ ಇನ್ನೊಂದು ಬಂತು. ಎರಡು ಬ್ಯಾಟರಿಯನ್ನೂ ಜೋಡಿಸಿಬಿಡೋಣ ಸಾರ್ ಎಂದ ಅಂಗಡಿಯವನನ್ನೇ ಕೂರಿಸಿಕೊಂಡು ಪಾಠ ಮಾಡಿದರು. ‘ಹಳೇದ್ನ ಹೊಸದ್ರ ಜೊತೆ ಸೇರಿಸ್ಬುಟ್ರೆ, ಹಳೇದು ಹೊಸದ್ನೂ ಎಳ್ಕೊಂಡು ಹೋಯ್ತದೆ ಕಣಪ್ಪ.’ ಮಾತು ಸರಿಯೇ. ಸೋತ ಬ್ಯಾಟರಿ ಚಾರ್ಜು ಹೀರುತ್ತಲೇ ಇರುತ್ತದೆ, ಹೊಸದು ಅದರ ಹೊರೆಯನ್ನೂ ಹೊತ್ತು ಬೇಗ ಮುದಿಯಾಗುತ್ತದೆ. ಆದರೆ ಈ ಮಾತನ್ನು ಹೊಸ ಸೊಸೆಯ ಎದುರಿಗೆ ಆಡಬಾರದಿತ್ತು.

ಅಲ್ಲಿಂದ ಶುರುವಾಯಿತು ಪಾಲು ಪಂಚಾಯ್ತಿ. ಸ್ವಿಚ್ ಬೋರ್ಡಿಗೆಲ್ಲ ಇನ್ಸುಲೇಷನ್ ಟೇಪು. ಕೆಂಪು ಅಂದರೆ ಹಳೇ ಬ್ಯಾಟರಿ, ಹಸಿರು ಅಂದರೆ ಹೊಸದು. ದೇವರ ಮನೆ ದೀಪ, ವೈಫೈ, ಲೋಡಣ್ಣನ ತಲೆ ಮೇಲಿನ ಫ್ಯಾನು ಹಸಿರು. ಮಿಕ್ಕ ಲೋಕವೆಲ್ಲ ಕೆಂಪು. ಎರಡರ ನ್ಯೂಟ್ರಲ್ಲೂ ಎಲ್ಲೂ ಒಂದಾಗಬಾರದೆಂದು ವೈರಿಂಗಿನ ಹುಡುಗನ ಬೆನ್ನ ಹಿಂದೆಯೇ ನಿಂತಿದ್ದು ಬೇರೆ ಬೇರೆ ಎಳೆಸಿದರು. ಆ ಹುಡುಗ ಈಗ ನಮ್ಮ ಬೀದಿಗೆ ಕೆಲಸಕ್ಕೆ ಬರುವುದಿಲ್ಲ.

ಲೆಕ್ಕವೆಲ್ಲ ಅವರಿಗೆ ಬಾಯಲ್ಲೇ ಇದೆ. 12 ವೋಲ್ಟು, 150 ಆಂಪಿಯರ್ ಅವರ್, ಗುಣಿಸಿದರೆ 1800 ವ್ಯಾಟ್ ಅವರ್. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿಯ ಆಯುಸ್ಸು ಸವೆಯುತ್ತದೆ, ಆದ್ದರಿಂದ ನಮ್ಮದು 900 ಮಾತ್ರ. 75 ವ್ಯಾಟಿನ ಒಂದು ಫ್ಯಾನಿಗೆ 12 ಗಂಟೆ, ಎರಡು ಫ್ಯಾನಿಗೆ 6 ಗಂಟೆ, ಯುಪಿಎಸ್ ತಾನೇ ತಿಂದುಕೊಳ್ಳುವುದು ಬೇರೆ. ನೆಂಟರನ್ನೂ ಅವರು ವ್ಯಾಟಿನಲ್ಲೇ ಅಳೆಯುತ್ತಾರೆ. ಬೆಂಗಳೂರಿನ ಭಾವಮೈದ ಲ್ಯಾಪ್‌ಟಾಪು, ಎರಡು ಫೋನು ಹಿಡಿದು ಬಂದರೆ ಮುಖ ಸಿಂಡರಿಸುತ್ತಾರೆ. ಹಳ್ಳಿಯಿಂದ ಬರುವ ಅಕ್ಕ ಕರೆಂಟು ಹೋದರೆ ಜಗುಲಿಗೆ ಹೋಗಿ ಎಲೆಯಡಿಕೆ ಹಾಕಿಕೊಂಡು ಕೂರುತ್ತಾಳೆ, ಲೋಡು ಸೊನ್ನೆ. ಅಕ್ಕನನ್ನು ಇನ್ನೆರಡು ದಿನ ಇರು ಎಂದು ಒತ್ತಾಯಿಸುವುದು ಬರೀ ಒಡಹುಟ್ಟಿದ ಪ್ರೀತಿಯಿಂದಲ್ಲ.

ಯಾವ ಪಾಲಿಗೂ ಬಾರದೆ ಉಳಿದದ್ದು ಮಿಕ್ಸಿ. 750 ವ್ಯಾಟು. ಸಂಜೆ ಉಪ್ಸಾರಿಗೆ ಖಾರ ಅರೆಯುವ ಹೊತ್ತಿಗೇ ಕರೆಂಟು ಹೋಗುವುದು ನಮ್ಮ ಸೀಮೆಯ ಸಂಪ್ರದಾಯ. ಮನೆಯಾಕೆ ಹಸಿರು ಟೇಪಿನ ಪ್ಲಗ್ಗಿಗೇ ಮಿಕ್ಸಿ ಸಿಕ್ಕಿಸುತ್ತಾರೆ. ಗರ್ ಎಂದದ್ದೊಂದೇ; ಯುಪಿಎಸ್ ಕೀಂಯ್ ಎಂದು ಅರಚಿ ಮಲಗುತ್ತದೆ.

‘ಅಮ್ಮೀ, ಯಾರ್ ಲೋಡು ಅದು?’

‘ನಿಮ್ ಹೊಟ್ಟೆ ಲೋಡು. ಮುದ್ದೆಗೆ ಖಾರ ಬ್ಯಾಡ ಅನ್ನಿ, ಈಗ್ಲೇ ಕಿತ್ತಾಕ್ತೀನಿ.’

ಲೋಡಣ್ಣ ಕತ್ತಲಲ್ಲೇ ತಡಕಾಡಿಕೊಂಡು ಎದ್ದು ಹೋಗಿ ತಮ್ಮ ಫ್ಯಾನು ಆರಿಸಿ, ಯುಪಿಎಸ್ಸಿನ ಗುಂಡಿ ಒತ್ತಿ, ‘ಹೂಂ, ವಸಿ ವಸಿ ಅರಿ’ ಎನ್ನುತ್ತಾರೆ.

ಮದ್ದೂರಿನ ಲೋಡಣ್ಣ ಇಷ್ಟು ಬಿಗಿಯಲ್ಲ. ಒಂದು ವಡೆ ತಿಂದು ಮುಗಿಸುವಷ್ಟರಲ್ಲಿ ಕರೆಂಟು ಬಂದೇ ಬರುತ್ತದೆಂದು ನಂಬಿದವರು. ಮಳವಳ್ಳಿಯವರ ಗತ್ತೇ ಬೇರೆ. ಶಿವನಸಮುದ್ರದ ವಿದ್ಯುತ್ ಕೇಂದ್ರವಿರುವ ಬ್ಲಫ್ ಅವರ ತಾಲ್ಲೂಕಿನಲ್ಲಿದೆಯಲ್ಲ! ಅಲ್ಲಿನ ಕರೆಂಟು 1902ರಲ್ಲೇ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಹಚ್ಚಿತು. ‘ಲೋಡ್ ಹಂಚೋದ್ನ ದೇಶಕ್ಕೆ ಕಲಿಸ್ದೋರೇ ನಾವು’ ಎನ್ನುತ್ತಾರೆ, ಮೇಣದ ಬತ್ತಿಗೆ ಬೆಂಕಿಕಡ್ಡಿ ಗೀರುತ್ತಾ.

ಹೋದ ಚಳಿಗಾಲದಲ್ಲಿ ಬೀದಿಯವರೆಲ್ಲ ಸೇರಿ ರಂಗನತಿಟ್ಟಿಗೆ ಹೋಗಿದ್ದೆವು. ದೋಣಿ ಹತ್ತಿದ ಕೂಡಲೇ ಲೋಡಣ್ಣ ಹಲಗೆಯಡಿ ಬಗ್ಗಿ ನೋಡಿದರು.

‘ಬ್ಯಾಟ್ರಿ ಎಲ್ಲಪ್ಪ?’

ಹುಟ್ಟು ಹಾಕುವ ದೋಣಿಗೆ ಎಲ್ಲಿಯ ಬ್ಯಾಟರಿ? ಆದರೂ ನಮಗೆ ಪಾಠ ತಪ್ಪಲಿಲ್ಲ. ಮೋಟಾರು ದೋಣಿಯಲ್ಲಿ ಎರಡು ಬ್ಯಾಟರಿ ಇಡುತ್ತಾರೆ. ಒಂದು ಎಂಜಿನ್ ಸ್ಟಾರ್ಟಿಗೆ ಮೀಸಲು. ತೆಳು ಪ್ಲೇಟಿನದು, ಕೆಲವೇ ಸೆಕೆಂಡು ಭರ್ಜರಿ ಕರೆಂಟು ಕೊಟ್ಟು ಸುಮ್ಮನಾಗುತ್ತದೆ. ಇನ್ನೊಂದು ದೀಪಕ್ಕೆ, ವೈರ್‌ಲೆಸ್ಸಿಗೆ, ತಳದ ನೀರೆತ್ತುವ ಪಂಪಿಗೆ. ದಪ್ಪ ಪ್ಲೇಟಿನದು, ಹೊತ್ತುಗಟ್ಟಲೆ ಮೆಲ್ಲಗೆ ಕೊಡುತ್ತದೆ. ನಡುವೆ ಸ್ವಿಚ್ಚು. ದೀಪದ ಬ್ಯಾಟರಿ ಎಷ್ಟೇ ಬರಿದಾದರೂ ಸ್ಟಾರ್ಟಿನದಕ್ಕೆ ಕೈ ಹಾಕಕೂಡದು. ಹಾಕಿದರೆ ಬೆಳಿಗ್ಗೆ ನಡುನೀರಿನಲ್ಲಿ ಕೀಲಿ ತಿರುಗಿಸಿದಾಗ ‘ಟಿಕ್’ ಎಂಬ ಸದ್ದು ಮಾತ್ರ. ಇದರಲ್ಲಿ ಸುಳ್ಳೇನಿಲ್ಲ. ಸಕ್ಕರೆ ಕಾರ್ಖಾನೆ ಗೇಟಿನ ಸಾಲಿನಲ್ಲಿ ರಾತ್ರಿಯೆಲ್ಲ ಹಾಡು ಹಾಕಿಕೊಂಡು, ಬೆಳಿಗ್ಗೆ ‘ತಳ್ರಪ್ಪಾ’ ಎಂದು ಅಂಗಲಾಚುವ ಕಬ್ಬಿನ ಟ್ರ್ಯಾಕ್ಟರ್ ಹುಡುಗರನ್ನು ಕೇಳಿ ನೋಡಿ.

‘ನಮ್ಗೂ ಎಲ್ಡವೆ ಸಾ’ ಎಂದು ದೋಣಿಯವನು ತೋಳು ಎತ್ತಿ ತೋರಿಸಿದ. ‘ಒಂದೇ ಕಡೀಕೆ ಲೋಡ್ ಬಿದ್ರೆ ದೋಣಿ ಗಿರಕಿ ಹೊಡೀತದೆ.’

ಶಿಷ್ಯ ಸಿಕ್ಕಿದ. ಲೋಡಣ್ಣ ಅವನನ್ನು ಒಂದಷ್ಟು ಹೊತ್ತು ಗಮನಿಸಿ ದೋಷ ಹಿಡಿದರು. ‘ಅಲ್ಲ ಕಣಪ್ಪ, ಹುಟ್ಟು ಹಾಕೋದೂ ಬಲಗೈ, ಹಕ್ಕಿ ತೋರ್ಸೋದೂ ಬಲಗೈ. ಅದುಕ್ಕೆ ಡಬಲ್ ಲೋಡ್ ಆಯ್ತಲ್ಲ! ಹಕ್ಕೀನ ಎಡಗೈಗೆ ವರ್ಗ ಮಾಡು.’

ದೋಣಿಯವನು ಸೌಮ್ಯ ಸ್ವಭಾವದವನು, ಆಗಲಿ ಸಾ ಎಂದ. ಬಣ್ಣದ ಕೊಕ್ಕರೆ ಬಂತು, ಚಮಚೆ ಕೊಕ್ಕಿನ ಹಕ್ಕಿ ಬಂತು, ಎಲ್ಲ ಎಡಗೈಯಲ್ಲೇ ನಡೆಯಿತು. ಲೋಡಣ್ಣ ನಮ್ಮ ಕಡೆ ತಿರುಗಿ ಹುಬ್ಬು ಹಾರಿಸಿದರು. ಅಷ್ಟರಲ್ಲಿ ಅವನು ‘ಅಗೋ ಸಾ, ಮೊಸಳೆ!’ ಎಂದು ಎಡಗಡೆಯ ಬಂಡೆಯತ್ತ ಎಡಗೈ ಚಾಚಿ, ಅದರ ಉದ್ದ, ವಯಸ್ಸು, ಸಂಸಾರವನ್ನೆಲ್ಲ ವರ್ಣಿಸತೊಡಗಿದ. ಬಲಗೈ ಪಾಪ ಅಭ್ಯಾಸಬಲದಿಂದ ಹುಟ್ಟು ಎಳೆಯುತ್ತಲೇ ಇತ್ತು. ದೋಣಿ ನಿಧಾನಕ್ಕೆ ಎಡಕ್ಕೆ ಹೊರಳಿ ಬಂಡೆಯ ದಾರಿ ಹಿಡಿಯಿತು.

‘ಲೇಯ್, ಬಲಗೈಗೆ ಹಾಕ್ಲಾ, ವಾಪಸ್ ಬಲಗೈಗೆ ಹಾಕು!’ ಲೋಡಣ್ಣ ಹಲಗೆಯ ಮೇಲೆ ಕಾಲು ಎತ್ತಿಟ್ಟುಕೊಂಡರು.

ಹಿಂದಿನ ಹಲಗೆಯಿಂದ ಮನೆಯಾಕೆ ಕೇಳಿದರು: ‘ಈಗ ಇದ್ಯಾರ್ ಲೋಡು?’