ಪೆಗ್ ಮೆಷರ್‌ಗೆ ಎರಡು ಬಾಯಿ

ಅಕ್ಟೋಬರ್ 2, ಗಾಂಧಿ ಜಯಂತಿ. ಬೆಂಗಳೂರಿನ ಬಾರ್‌ಗಳಿಗೆಲ್ಲ ಡ್ರೈ ಡೇ. ವರ್ಷವಿಡೀ ಬಗ್ಗಿ ಏಳುವ ಪೆಗ್ ಮೆಷರ್ ಅಂದು ಕೌಂಟರಿನ ಮೇಲೆ ಅಡ್ಡಡ್ಡ ಮಲಗಿತ್ತು. ಸ್ಟೀಲಿನ ಮೈ, ಸಣ್ಣ ನಡು. ಒಂದು ತುದಿಗೆ 60 ಎಂ.ಎಲ್. ಹಿಡಿಯುವ ದೊಡ್ಡ ಬಾಯಿ, ಇನ್ನೊಂದು ತುದಿಗೆ 30ರ ಸಣ್ಣ ಬಾಯಿ. ಹದಿಹರೆಯದವರನ್ನು ಬಾರ್ ಕೆಲಸಕ್ಕೆ ಇಟ್ಟುಕೊಳ್ಳಬಹುದೇ ಎಂದು ವಿಚಾರಿಸಲು ಹೋದರೆ ಎರಡೂ ಒಟ್ಟಿಗೇ ಬಾಯಿ ಬಿಟ್ಟವು. ದೊಡ್ಡದು ಮಾಲೀಕರ ವಕೀಲ. ಸಣ್ಣದಕ್ಕೆ ಯಾರ ಮುಲಾಜೂ ಇಲ್ಲ.

ಪ್ರಶ್ನೆ: ಮೊದಲು ನಿಮ್ಮ ಪರಿಚಯ.

ದೊಡ್ಡ ಬಾಯಿ: ನಮ್ಮದು ಸಿಎಲ್-9 ಲೈಸೆನ್ಸಿನ ಬಾರ್ ಅಂಡ್ ರೆಸ್ಟೋರೆಂಟ್ ಸಾರ್. ಫ್ಯಾಮಿಲಿ ರೂಮೂ ಇದೆ. ನನ್ನ ಮೈ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ನೋಡಿ. ಗಿರಾಕಿಗೆ ಒಂದು ಹನಿಯೂ ಮೋಸ ಆಗಬಾರದು ಅಂತ ಸರ್ಕಾರಕ್ಕೆ ಅಷ್ಟು ಕಾಳಜಿ.

ಸಣ್ಣ ಬಾಯಿ: ನನಗೆ ದಾಖಲೆ ಇದೆ. ನನ್ನನ್ನ ತೊಳೆಯೋ ಹುಡುಗನಿಗಿಲ್ಲ.

ಪ್ರಶ್ನೆ: ಆ ಹುಡುಗನಿಗೆ ವಯಸ್ಸೆಷ್ಟು?

ದೊಡ್ಡ ಬಾಯಿ: ಹದಿನೆಂಟು ತುಂಬಿದೆ ಸಾರ್. ಆಧಾರ್ ತೋರಿಸಿದ್ದಾನೆ. ಜನವರಿ 1ಕ್ಕೆ ಹುಟ್ಟಿದ್ದು.

ಸಣ್ಣ ಬಾಯಿ: ಇಲ್ಲಿರೋ ಹುಡುಗರೆಲ್ಲ ಜನವರಿ 1ಕ್ಕೇ ಹುಟ್ಟಿದ್ದು. ನಮ್ಮ ಮ್ಯಾನೇಜರದ್ದು ಮಾತ್ರ ಜೂನ್ 1. ಅವರನ್ನ ಹೆಡ್‌ಮೇಷ್ಟ್ರು ಹೆತ್ತದ್ದು.

ಪ್ರಶ್ನೆ: ಕಾರ್ಮಿಕ ಇಲಾಖೆಯವರು ತಪಾಸಣೆಗೆ ಬಂದರೆ?

ದೊಡ್ಡ ಬಾಯಿ: ಮಾಲೀಕರ ಅಕ್ಕನ ಮಗ, ದಸರಾ ರಜೆಗೆ ಬಂದಿದ್ದಾನೆ ಅಂತೀವಿ. ನಾವೂ ಕಾನೂನು ಓದಿದ್ದೀವಿ ಸಾರ್! ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲಿ 14 ತುಂಬದ ಮಕ್ಕಳೂ ಸ್ಕೂಲು ಬಿಟ್ಟ ಮೇಲೆ, ರಜೆಯಲ್ಲಿ, ಮನೆಯವರ ವ್ಯವಹಾರಕ್ಕೆ ಕೈಜೋಡಿಸಬಹುದು ಅಂತಿದೆ. ಮನೆಯವರು ಅಂದ್ರೆ ಬರೀ ಅಪ್ಪ ಅಮ್ಮ ಅಲ್ಲ, ಸೋದರಮಾವ, ಸೋದರತ್ತೆ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲರೂ ಸೇರ್ತಾರೆ.

ಸಣ್ಣ ಬಾಯಿ: ಸೋದರಮಾವ ಹಾಸನದವರು. ಅಳಿಯನಿಗೆ ಬರೋ ಕನ್ನಡ ‘ನೀರು’, ‘ಐಸು’, ‘ಬಿಲ್ಲು’. ಅಪಾಯದ ಕೆಲಸಕ್ಕೆ ಆ ವಿನಾಯಿತಿ ಇಲ್ಲ ಅಂತ ಅದೇ ಕಾಯ್ದೆಯಲ್ಲಿದೆ. ಮಾವನವರು ಅಲ್ಲಿವರೆಗೆ ಓದಲಿಲ್ಲ.

ಪ್ರಶ್ನೆ: ಹುಡುಗ ಮಾಡುವ ಕೆಲಸವೇನು?

ದೊಡ್ಡ ಬಾಯಿ: ಕ್ಲೀನರ್ ಸಾರ್. ಟೇಬಲ್ ಒರೆಸ್ತಾನೆ, ಅಷ್ಟೇ. ಎಣ್ಣೆ ಮುಟ್ಟೋದೇ ಇಲ್ಲ.

ಸಣ್ಣ ಬಾಯಿ: ಸಂಜೆ ಏಳರವರೆಗೆ ಮುಟ್ಟಲ್ಲ. ಆಮೇಲೆ ಇರೋ ಸಪ್ಲೈಯರ್‌ಗಳು ಸಾಲೋದಿಲ್ಲ. ಮೂಲೆ ಟೇಬಲ್ಲಿನವರು ‘ಲೇ ತಮ್ಮಾ, ಒಂದ್ ನೈಂಟಿ’ ಅಂದರೆ ನಾವಿಬ್ಬರೂ ಒಂದೊಂದು ಸಲ ತುಂಬ್ತೀವಿ, ಟ್ರೇ ಹಿಡಿಯೋದು ಅವನು. ಹನ್ನೊಂದೂವರೆಗೆ ಯಾರೋ ಗ್ಲಾಸು ಒಡೀತಾರೆ. ಚೂರನ್ನ ಬರಿಗೈಲಿ ಬಾಚಿ, ಬೆರಳು ಕುಯ್ದುಕೊಂಡು, ಟಿಶ್ಯೂ ಸುತ್ತಿ ಮೇಲೆ ರಬ್ಬರ್ ಬ್ಯಾಂಡ್ ಹಾಕ್ಕೋತಾನೆ. ಅದೇ ಕೈಲಿ ಕಡ್ಲೆಬೀಜದ ಮಸಾಲೆಗೆ ನಿಂಬೆಹಣ್ಣು ಹಿಂಡಬೇಕು. ಬೇಸಿನ್ನಿನಲ್ಲಿ ವಾಂತಿಯಾದರೆ ಅದೂ ಅವನ ಖಾತೆ. ರಾತ್ರಿ ಒಂದಕ್ಕೆ ಷಟರ್ ಎಳೆದ ಮೇಲೆ ಎರಡು ಟೇಬಲ್ ಜೋಡಿಸಿಕೊಂಡು ಮಲಗ್ತಾನೆ.

ಪ್ರಶ್ನೆ: ಟ್ರೇ ಹಿಡಿಯುವುದಕ್ಕೆ ಕಾನೂನು ಏನನ್ನುತ್ತದೆ?

ಸಣ್ಣ ಬಾಯಿ: 2015ರ ಬಾಲನ್ಯಾಯ ಕಾಯ್ದೆಯ 78ನೇ ಸೆಕ್ಷನ್ ನೋಡಿ. 18 ತುಂಬದವರ ಕೈಲಿ ಮದ್ಯ ಮಾರಿಸಿದರೆ, ಹೊರಿಸಿದರೆ, ಸರಬರಾಜು ಮಾಡಿಸಿದರೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಮಾವ-ಅಳಿಯ ಅನ್ನೋ ರಿಯಾಯಿತಿ ಅದರಲ್ಲಿಲ್ಲ. 18ರ ಒಳಗಿನವರಿಗೆ ರಾತ್ರಿ ಕೆಲಸ ಬೇಡ ಅಂತ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ಹೇಳುತ್ತೆ.

ದೊಡ್ಡ ಬಾಯಿ: ಅದೆಲ್ಲ ಕಳ್ಳಭಟ್ಟಿಯವರಿಗೆ ಅಂದ್ಕೊಂಡಿದ್ವಿ ಸಾರ್. ನಾವು ಲೈಸೆನ್ಸ್ ಫೀಸು ಕಟ್ಟೋರು.

ಪ್ರಶ್ನೆ: ಆದರೆ ಉಡುಪಿ, ಮಂಗಳೂರಿನ ಕಡೆಯಿಂದ ಮುಂಬಯಿಗೆ ಹೋದ ಎಷ್ಟೋ ಹುಡುಗರು ಲೋಟ ತೊಳೆದೇ ಮೇಲೆ ಬಂದರಲ್ಲ?

ದೊಡ್ಡ ಬಾಯಿ: ಹಾಗೆ ಕೇಳಿ ಸಾರ್! ಮಾಣಿಯಾಗಿ ಸೇರಿದವರು ಮಾಲೀಕರಾದರು. ಇದೊಂದು ಗುರುಕುಲ.

ಸಣ್ಣ ಬಾಯಿ: ಅವರಿಗೆ ಮುಂಬಯಿಯಲ್ಲಿ ಕನ್ನಡದ ರಾತ್ರಿಶಾಲೆಗಳಿದ್ದವು. ಹಗಲು ಹೋಟೆಲು, ಸಂಜೆ ಸ್ಲೇಟು. ಇಡ್ಲಿ ಹೋಟೆಲಿಗೆ ರಾತ್ರಿ ಬೀಗ ಬೀಳುತ್ತೆ, ನಮ್ಮ ಗುರುಕುಲದಲ್ಲಿ ಆಗ ಮೊದಲ ಪೀರಿಯಡ್ಡು.

ಪ್ರಶ್ನೆ: ಕೆಲಸದಿಂದ ಬಿಡಿಸಿದರೆ ಹುಡುಗ ಏನು ಮಾಡಬೇಕು?

ದೊಡ್ಡ ಬಾಯಿ: ಪಕ್ಕದ ಬಾರಿಗೆ ಹೋಗ್ತಾನೆ ಸಾರ್, ಶಾಲೆಗಲ್ಲ. ಅವನು ತಿಂಗಳು ತಿಂಗಳು ಕಳಿಸೋ ದುಡ್ಡಿನಲ್ಲಿ ಊರಲ್ಲೊಂದು ಮನೆ ನಡೀತಿದೆ. ಆ ಮನೆಗೆ ನಿಮ್ಮ ಸೆಕ್ಷನ್ ಅಕ್ಕಿ ಹಾಕುತ್ತಾ?

ಸಣ್ಣ ಬಾಯಿ: ಇದೊಂದು ಮಾತು ನಿಜ. ಬರೀ ದಾಳಿ ಮಾಡಿ ಫೋಟೊ ತೆಗೆಸಿಕೊಂಡರೆ ಹುಡುಗನಿಗೆ ಸಂಬಳವೂ ಹೋಯಿತು, ಊಟವೂ ಹೋಯಿತು. ಅದಕ್ಕೇ ಬಾಲಕಾರ್ಮಿಕ ಕಾಯ್ದೆಯಲ್ಲಿ ಪುನರ್ವಸತಿ ನಿಧಿ ಇಟ್ಟಿದ್ದಾರೆ. ಮಾಲೀಕನ ದಂಡದ ಹಣಕ್ಕೆ ಸರ್ಕಾರ 15,000 ರೂಪಾಯಿ ಸೇರಿಸಿ ಹುಡುಗನಿಗಾಗಿ ಠೇವಣಿ ಇಡಬೇಕು. ಆದರೆ ಮೊದಲು ದಂಡ ಬೀಳಬೇಕಲ್ಲ! ಸೋದರಮಾವಂದಿರ ಮೇಲೆ ಕೇಸು ಹಾಕೋರು ಯಾರು?

ಪ್ರಶ್ನೆ: ನಿಜಕ್ಕೂ 18 ತುಂಬಿದವರು, ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರು ಬಂದರೆ?

ಸಣ್ಣ ಬಾಯಿ: ಬರಲಿ. ವೋಟು ಹಾಕೋರು ಟ್ರೇ ಹಿಡಿಯಬಾರದು ಅನ್ನೋದು ಮಡಿವಂತಿಕೆ. ದೆಹಲಿಗೂ ಅನ್ವಯಿಸಿದ್ದ 1914ರ ಪಂಜಾಬ್ ಅಬಕಾರಿ ಕಾಯ್ದೆ, 25 ತುಂಬದ ಗಂಡಸರನ್ನೂ ಯಾವ ವಯಸ್ಸಿನ ಹೆಂಗಸರನ್ನೂ ಬಾರ್ ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತಿತ್ತು. ಅನುಜ್ ಗರ್ಗ್ ಪ್ರಕರಣದಲ್ಲಿ, 2007ರಲ್ಲಿ, ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ. ಭದ್ರತೆ ಬೇಕಿದ್ದರೆ ಭದ್ರತೆ ಕೊಡಿ, ಕೆಲಸ ಕಿತ್ತುಕೋಬೇಡಿ ಅನ್ನೋದು ಅದರ ತಾತ್ಪರ್ಯ.

ದೊಡ್ಡ ಬಾಯಿ: ನೋಡಿ ಸಾರ್, ಕೋರ್ಟೇ ನಮ್ಮ ಪರ! ಭದ್ರತೆಗೆ ಸಿಸಿಟಿವಿ ಹಾಕಿದ್ದೀವಿ.

ಸಣ್ಣ ಬಾಯಿ: ಅದು ಗಲ್ಲಾಪೆಟ್ಟಿಗೆ ಕಡೆ ತಿರುಗಿದೆ. ಕೋರ್ಟು ಮಾತಾಡಿದ್ದು ಪ್ರಾಯಕ್ಕೆ ಬಂದವರ ಬಗ್ಗೆ, ನಿಮ್ಮ ಜನವರಿ 1ರ ಬಳಗದ ಬಗ್ಗೆ ಅಲ್ಲ. ಹತ್ತೊಂಬತ್ತರ ಹುಡುಗಿ ಕೆಲಸಕ್ಕೆ ಬರಬೇಕಾದರೆ ನೇಮಕಾತಿ ಪತ್ರ, ವಾರದ ರಜೆ, ಪಿಎಫ್, ಇಎಸ್‌ಐ, ನಡುರಾತ್ರಿ ಮನೆ ಮುಟ್ಟಿಸೋಕೆ ಗಾಡಿ ಬೇಕು. ಸೊಂಟಕ್ಕೆ ಕೈ ಹಾಕಿದ ಗಿರಾಕಿಯನ್ನ ಎಬ್ಬಿಸಿ ಕಳಿಸೋ ಮ್ಯಾನೇಜರ್ ಬೇಕು. ಲೆಕ್ಕ ಹಾಕಿದರೆ ಹದಿನಾರರ ಹುಡುಗ ಅಗ್ಗ. ಗುರುಕುಲದ ಗುಟ್ಟು ಇಷ್ಟೇ.

ಪ್ರಶ್ನೆ: 18ಕ್ಕೆ ತಂದುಕೊಡಬಹುದು, ಕುಡಿಯಲು 21 ಆಗಬೇಕು. ವಿಚಿತ್ರ ಅನಿಸುವುದಿಲ್ಲವೇ?

ದೊಡ್ಡ ಬಾಯಿ: ಅದಕ್ಕೇ 2023ರ ಜನವರಿಯಲ್ಲಿ 18ಕ್ಕೆ ಇಳಿಸೋ ಕರಡು ತಂದಿದ್ದರು. ಜನ ಬೊಬ್ಬೆ ಹಾಕಿದರು, ಸರ್ಕಾರ ಕೈಬಿಟ್ಟಿತು. ನಮಗೂ ನಷ್ಟ, ಖಜಾನೆಗೂ ನಷ್ಟ.

ಸಣ್ಣ ಬಾಯಿ: ಕುಡಿಯೋ ವಯಸ್ಸಿಗೆ ಅಷ್ಟು ಬೊಬ್ಬೆ. ತಂದುಕೊಡೋ ವಯಸ್ಸಿಗೆ ಯಾರೂ ಕೆಮ್ಮೋದೂ ಇಲ್ಲ. ಕುಡಿದು ಕೆಡೋರು ನಮ್ಮ ಮಕ್ಕಳು, ತಂದುಕೊಡೋರು ಯಾರದೋ ಮಕ್ಕಳು.

ಪ್ರಶ್ನೆ: ಖಜಾನೆ ಅಂದಿರಿ...

ದೊಡ್ಡ ಬಾಯಿ: 2025-26ಕ್ಕೆ ಅಬಕಾರಿ ಗುರಿ 40,000 ಕೋಟಿ ರೂಪಾಯಿ ಸಾರ್. ರಾಜ್ಯದ ಅಭಿವೃದ್ಧಿಗೆ ಎಲ್ಲರೂ ಕೈಜೋಡಿಸಬೇಕು.

ಸಣ್ಣ ಬಾಯಿ: ಕೈ ಎಷ್ಟು ಚಿಕ್ಕದಾದರೂ ಪರವಾಗಿಲ್ಲ.

ಪ್ರಶ್ನೆ: ಗಿರಾಕಿಗಳಿಗೆ ಏನು ಹೇಳುತ್ತೀರಿ?

ದೊಡ್ಡ ಬಾಯಿ: ಅವರು ದೇವರು ಸಾರ್.

ಸಣ್ಣ ಬಾಯಿ: ಐದು ಎಂ.ಎಲ್. ಕಮ್ಮಿಯಾದರೆ ಮಾಲೀಕನ ಕಾಲರ್ ಹಿಡಿಯೋ ದೇವರು. ಪೆಗ್ಗು ತಂದವನಿಗೆ ಇನ್ನೂ ಮೀಸೆ ಚಿಗುರಿಲ್ಲ ಅನ್ನೋದು ಅವರ ಕಣ್ಣಿಗೆ ಬೀಳಲ್ಲ, ಬಿದ್ದರೆ ಇಪ್ಪತ್ತು ರೂಪಾಯಿ ಟಿಪ್ಸು ಜಾಸ್ತಿ ಇಟ್ಟು ಪುಣ್ಯ ಕಟ್ಟಿಕೊಂಡು ಎದ್ದು ಹೋಗ್ತಾರೆ. ಟಿಪ್ಸ್ ಇಡೋ ಮುಂಚೆ 1098ಕ್ಕೆ ಒಂದು ಫೋನು ಮಾಡಿ. ಮಕ್ಕಳ ಸಹಾಯವಾಣಿ, ದುಡ್ಡು ಬೀಳಲ್ಲ.

ದೊಡ್ಡ ಬಾಯಿ: ಸಾರ್, ಆ ನಂಬರ್ ಒಂದು ಬರೀಬೇಡಿ. ನಾಳೆಯಿಂದ ಹುಡುಗನಿಗೆ ಗ್ಲೌಸ್ ಕೊಡಿಸ್ತೀವಿ!