ಸರ್ವರ್ ಸಹಕಾರಿ ಸಂಘ

(ಬೆಟಗೇರಿಯ ಚಹಾದಂಗಡಿ. ನಡುವೆ ಒಂದು ತಾಟು ಗಿರ್ಮಿಟ್.)

ಅಳಿಯ: ಮಾವಾ, ನಾ ಗೂಗಲ್ ಬಿಟ್ಟೆ.

ಮಾವ: ಚಲೋ ಆತು. ಯಾರಿಗರೆ ಹೇಳಿಯೇನು?

ಅಳಿಯ: ಯೂಟ್ಯೂಬ್‌ನ್ಯಾಗ ವಿಡಿಯೋ ಬಿಟ್ಟೇನ್ರಿ.

ಮಾವ: ಯೂಟ್ಯೂಬ್ ಯಾರದೋ?

ಅಳಿಯ: ಗಿರ್ಮಿಟ್ ಭಾಳ ಖಾರ ಐತಿ, ಮಾವಾ.

(ಖಾರವೇನೂ ಇರಲಿಲ್ಲ.)

ಮಾವ: ಬಿಡಾಕ ಏನ್ ಬಂತು?

ಅಳಿಯ: ಫೋಟೊ ಎಷ್ಟರೆ ಇಡ್ರಿ, ಪುಕ್ಕಟೆ ಅಂದಿದ್ರು. 2021ರ ಜೂನ್‌ನಿಂದ 15 ಜಿಬಿ ಲೆಕ್ಕದಾಗ ಹಿಡಿಯಾಕ ಹತ್ತಿದ್ರು. ಈಗ ನನ್ನ ಮದುವಿ ಫೋಟೊಕ್ಕ ನಾನ ತಿಂಗಳಾ ಬಾಡಿಗಿ ಕೊಡಬೇಕು!

ಮಾವ: ಸಾವಕಾರಂದೂ ಇದ ಲೆಕ್ಕ ಇತ್ತು. ಅದಕ್ಕ ಇಲ್ಲೇ ಕಣಗಿನಹಾಳದಾಗ ಸಿದ್ದನಗೌಡ ಪಾಟೀಲರು 1905ರಾಗ ಸಹಕಾರಿ ಸಂಘ ಕಟ್ಟಿದ್ರು. ನೀವೂ ನಾಕು ಮಂದಿ ಪಟ್ಟಿ ಹಾಕಿ ಸ್ವಂತ ಸರ್ವರ್ ಇಡ್ರಿ.

ಅಳಿಯ: ಆಗಲೇ ಸುರು ಮಾಡೇವ್ರಿ. ನೆಕ್ಸ್ಟ್‌ಕ್ಲೌಡ್ ಅಂತ ಐತಿ, ತಂತ್ರಾಂಶಕ್ಕ ರೊಕ್ಕ ಬ್ಯಾಡ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ದೋಸ್ತರು ಎಲ್ಲಾರೂ ಅದಾರ.

ಮಾವ: ಶಾಬಾಸ್! ಪಾಸ್‌ವರ್ಡ್ ಯಾರ ಕಡೆ?

ಅಳಿಯ: ಅಧ್ಯಕ್ಷರ ಕಡೆ.

ಮಾವ: ಅಧ್ಯಕ್ಷ ಯಾರು?

ಅಳಿಯ: ಶಿರಹಟ್ಟಿಯವನೂ ನಿಂತಾನ, ಮುಂಡರಗಿಯವನೂ ನಿಂತಾನ. ಲಕ್ಷ್ಮೇಶ್ವರದಾವ ರಾಜೀನಾಮೆ ಕೊಟ್ಟಾನ.

ಮಾವ: ಮತ್ತ ಸರ್ವರ್?

ಅಳಿಯ: ಇನ್ನೂ ಕೊಂಡಿಲ್ರಿ.