ಮಂಗಳವಿಲ್ಲದ ಮೆಟಲ್
ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಸಂಗೀತದ ಸುಪ್ರೀಂ ಕೋರ್ಟ್ ಅಂದರೆ ಮಾವ. 1939ರಲ್ಲಿ ಶುರುವಾದ ರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳಲ್ಲಿ ಪಳಗಿದ ಕಿವಿ. ಅಂಥವರೆದುರು ನಾನು ಹಾಕಿದ್ದು, 2011ರಲ್ಲಿ ನಮ್ಮ ಅರಮನೆ ಮೈದಾನಕ್ಕೇ ಬಂದುಹೋದ ಮೆಟಲ್ ಬ್ಯಾಂಡ್ ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ (1986).

ಮೊದಲ ಮೆಲು ಗಿಟಾರಿಗೆ ‘ಭೇಷ್, ಆಲಾಪನೆ’ ಎಂದರು. ನಿಮಿಷದಲ್ಲೇ ಡ್ರಮ್ಸ್ ಸಿಡಿಯಿತು. ಅರ್ಧ ಲೋಟ ಕಾಫಿ ಪಂಚೆಗಿಳಿಯಿತು. ಆದರೂ ಏಳಲಿಲ್ಲ! ಎಂಟೇ ಹಾಡು, ಸುಮಾರು 55 ನಿಮಿಷ, ಒಂದನ್ನೂ ಹಾರಿಸಬೇಕೆನಿಸದು. ಒಳ್ಳೆಯ ಆಲ್ಬಮ್ಮಿಗೆ ನನ್ನ ಲಕ್ಷಣ ಇಷ್ಟೇ. ಮಾವನದು ಬೇರೆ. ಏಳನೆಯ ‘ಒರಾಯನ್’ನಲ್ಲಿ ಮಾತೇ ಇಲ್ಲ, ಬರೀ ವಾದ್ಯ. ತೊಡೆ ತಟ್ಟಿ ತಾಳ ಹಾಕಿ, ‘ತನಿ ಮುಗೀತು, ಇನ್ನು ಮಂಗಳ’ ಅಂತ ಶಲ್ಯ ಸರಿಪಡಿಸಿಕೊಂಡರು.

ಬಂದದ್ದು ‘ಡ್ಯಾಮೇಜ್ ಇಂಕ್’. ಪಕ್ಕದ ಮನೆಯವರು ಬಾಗಿಲು ಬಡಿದಾಗ ಮಾವನೇ ತೆರೆದು, ‘ಕೂತ್ಕೊಳ್ಳಿ, ಇದೊಂದೇ ಐಟಂ ಬಾಕಿ’ ಅಂದರು.